ನಾಪಾ, ಸೊನೋಮಾ ವೈನರಿ ಸುತ್ತಾಟಕ್ಕೆ ಡ್ರೈವರ್ ಗೊತ್ತುಮಾಡುವ ಬಗೆ

ಬೇಸಿಗೆ ಶುರುವಾಯಿತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ, ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಎಲ್ಲವೂ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ನಾಪಾ, ಸೊನೋಮಾ ಕಡೆಯ ವೈನರಿಗಳ, ಅಂದರೆ ವೈನ್ ತಯಾರಿಸಿ ರುಚಿ ತೋರಿಸುವ ಜಾಗಗಳ, ಬಗ್ಗೆ. "ನಾಲ್ಕು ಜನ ನಾಪಾಗೆ ಹೊರಟಿದ್ದೀವಿ, ನಾಲ್ವರೂ ವೈನ್ ಕುಡಿಯೋರೇ, ಕಾರು ಓಡಿಸೋಕೆ ಯಾರಾದ್ರೂ ಸಿಗ್ತಾರಾ?" "ರೆಂಟಲ್ ಕಾರಿಗೂ ಡ್ರೈವರ್ ಕರ್ಕೋಬಹುದಾ?" "ಊಬರ್‌ನಲ್ಲೇ ಸುತ್ತಿದ್ರೆ ಆಗಲ್ವಾ?" ಊರಿನಿಂದ ಬಂದ ಅಪ್ಪ ಅಮ್ಮನನ್ನೋ ಅಕ್ಕ ಭಾವನನ್ನೋ ಕರೆದುಕೊಂಡು ಹೋಗುವವರು ಕೇಳುವುದೂ ಹೆಚ್ಚುಕಮ್ಮಿ ಇದನ್ನೇ. ಎಲ್ಲಕ್ಕೂ ಒಂದೇ ಕಡೆ ಉತ್ತರ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ವೈನರಿಗಿಂತ ಮೊದಲು ಡ್ರೈವರ್ ಬುಕ್ ಮಾಡಿ. ಕೊನೆಯ ವೈನರಿಯಿಂದ ನೀವು ಮಲಗುವ ಮನೆಯ ಬಾಗಿಲವರೆಗೆ ಕಾರು ಓಡಿಸುವವರು ಯಾರು ಎಂಬುದನ್ನೂ ಆಗಲೇ ತೀರ್ಮಾನಿಸಿ. ಚೆನ್ನಾಗಿ ಯೋಚಿಸಿ ಹೊರಟವರ ಲೆಕ್ಕಾಚಾರವೂ ತಪ್ಪುವುದು ಸಾಮಾನ್ಯವಾಗಿ ಆ ಕೊನೆಯ ತುಂಡು ದಾರಿಯಲ್ಲಿ.

"ರುಚಿ ನೋಡಿದ್ದಷ್ಟೇ" ಅನ್ನುವವರಿಗೆ

ಟೇಸ್ಟಿಂಗ್ ಎಂದರೆ ನಾಲ್ಕೈದು ಬಗೆಯ ವೈನನ್ನು ಸ್ವಲ್ಪ ಸ್ವಲ್ಪ ಸುರಿದು ಕೊಡುವುದು. ಸ್ವಲ್ಪ ಎಂದರೆ ಎಷ್ಟು? ಒಂದೊಂದು ಸುರಿತ 30ರಿಂದ 60 ಮಿಲಿ ಇರುತ್ತದೆ. ಧಾರಾಳಿ ಕೈಯವರು 60 ಮಿಲಿ ಸುರಿದರು ಎಂದುಕೊಳ್ಳಿ. ಐದು ಬಗೆಗೆ 300 ಮಿಲಿ ಆಯಿತು. ನಾಪಾದ ಕ್ಯಾಬರ್ನೆ ಎಂಬ ಕೆಂಪು ವೈನಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 14ರಿಂದ 15. ಅಮೆರಿಕದಲ್ಲಿ 'ಒಂದು ಡ್ರಿಂಕ್' ಎಂದು ಲೆಕ್ಕ ಹಿಡಿಯುವುದು ಶೇ. 12ರ ವೈನ್ 150 ಮಿಲಿಗೆ. ಅಂದರೆ ಒಂದು ವೈನರಿ ಮುಗಿಯುವಷ್ಟರಲ್ಲಿ ಸುಮಾರು ಎರಡೂವರೆ ಡ್ರಿಂಕ್ ಒಳಗೆ ಹೋಗಿರುತ್ತದೆ, ಮೂರು ವೈನರಿಗೆ ಏಳು ದಾಟುತ್ತದೆ. ಕೈಯಲ್ಲಿ ತುಂಬಿದ ಗ್ಲಾಸ್ ಒಮ್ಮೆಯೂ ಇರುವುದಿಲ್ಲವಾದ್ದರಿಂದ ಇದು ಕುಡಿದವರ ಗಮನಕ್ಕೇ ಬರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ರಕ್ತದಲ್ಲಿನ ಆಲ್ಕೋಹಾಲ್ ಮಿತಿ ಶೇ. 0.08. ಭಾರತದಲ್ಲಿ ಇದು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಹಾಗೆಂದು ಇಲ್ಲಿ ಸಡಿಲ ಎಂದುಕೊಳ್ಳಬೇಡಿ. 0.08ಕ್ಕಿಂತ ಕಡಿಮೆ ಇದ್ದರೂ ಚಾಲನೆಯ ಮೇಲೆ ಅಮಲಿನ ಪರಿಣಾಮ ಕಂಡರೆ ಡಿಯುಐ ಹಾಕಬಹುದು. ಡಿಯುಐ ಎಂದರೆ ಅಮಲಿನಲ್ಲಿ ವಾಹನ ಓಡಿಸಿದ ಅಪರಾಧ. ಸಿಕ್ಕಿಬಿದ್ದರೆ ಲೈಸೆನ್ಸ್ ವಿಚಾರವಾಗಿ ಲೈಸೆನ್ಸ್ ಕೊಡುವ ಇಲಾಖೆಯಾದ ಡಿಎಂವಿ ಮುಂದೆ ವಿಚಾರಣೆ ಕೇಳಲು ಇರುವುದು ಕೇವಲ 10 ದಿನ. ಕೋರ್ಟಿನ ಪ್ರಕರಣ ಅದರ ಪಾಡಿಗೆ ಬೇರೆಯಾಗಿ ನಡೆಯುತ್ತದೆ.

ವೀಸಾ ಮೇಲಿರುವವರು ಇನ್ನೊಂದು ವಿಷಯ ತಿಳಿದಿರಲೇಬೇಕು. ಎಚ್-1ಬಿ, ಎಲ್-1, ಎಫ್-1 ಯಾವುದೇ ಇರಲಿ, ಡಿಯುಐ ಬಂಧನ ಆದರೆ ಸಾಕು, ಶಿಕ್ಷೆ ಆಗಿರದಿದ್ದರೂ ಅಮೆರಿಕದ ವಿದೇಶಾಂಗ ಇಲಾಖೆ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ರದ್ದು ಮಾಡಬಹುದು. ಆಮೇಲೆ ಊರಿಗೆ ಹೋದರೆ ಹೊಸ ವೀಸಾ ಇಲ್ಲದೆ ವಾಪಸು ಬರಲಾಗದು, ಅದಕ್ಕೆ ವೈದ್ಯಕೀಯ ಪರೀಕ್ಷೆಯ ಸುತ್ತೂ ಬೇಕಾಗಬಹುದು. ಡ್ರೈವರ್‌ಗೆ ಕೊಡುವ ಹಣ ದುಬಾರಿ ಅನಿಸಿದಾಗ ಇದನ್ನೊಮ್ಮೆ ಪಕ್ಕದಲ್ಲಿಟ್ಟು ನೋಡಿ.

1. ನಿಮಗೆ ಯಾವ ಬಗೆಯ ಸೇವೆ ಬೇಕು?

ಡ್ರೈವರ್ ಸೇವೆ ಎಂದಾಗ ಜನ ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಒಂದೇ ಎಂದುಕೊಳ್ಳುತ್ತಾರೆ.

ಮೊದಲನೆಯದರಲ್ಲಿ ಬರುವುದು ಡ್ರೈವರ್ ಮಾತ್ರ. ನಿಮ್ಮ ಹೋಟೆಲಿಗೆ ಬಂದು, ನಿಮ್ಮದೇ ಕಾರನ್ನು ದಿನವಿಡೀ ಓಡಿಸಿ, ಸಂಜೆ ವಾಪಸು ಬಿಟ್ಟು ಹೋಗುತ್ತಾರೆ. ಗಂಟೆಗೆ ಇಷ್ಟು ಎಂದು ದರ, ಕನಿಷ್ಠ ಇಷ್ಟು ಗಂಟೆ ಎಂಬ ಕರಾರು. ಪೆಟ್ರೋಲ್ ಅಥವಾ ಚಾರ್ಜಿಂಗ್ ಖರ್ಚು ನಿಮ್ಮದು. ನಾಲ್ಕು ಜನರವರೆಗೆ ಇದೇ ಸೋವಿ, ಇದೇ ಆರಾಮ. ಮಗುವಿನ ಸೀಟು, ಅಮ್ಮನ ಮಾತ್ರೆ ಡಬ್ಬಿ, ಸ್ವೆಟರ್ ಎಲ್ಲ ಇದ್ದಲ್ಲೇ ಇರುತ್ತದೆ. ಒಂದು ಸೀಟು ಡ್ರೈವರ್‌ಗೆ ಹೋಗುತ್ತದೆ ಎಂಬುದು ಮಾತ್ರ ನೆನಪಿರಲಿ. ಐದು ಜನ ತುಂಬಿಕೊಂಡು ಬಂದ ಸೆಡಾನ್‌ಗೆ ಡ್ರೈವರ್ ಕರೆಸಿ, ಬೆಳಿಗ್ಗೆ ಹೋಟೆಲ್ ಮುಂದೆ ನಿಂತು ಸೀಟು ಎಣಿಸುವವರಿದ್ದಾರೆ.

ಎರಡನೆಯದು ಡ್ರೈವರ್ ಸಮೇತ ವಾಹನ: ಎಸ್‌ಯುವಿ, ವ್ಯಾನ್, ಲಿಮೋಸಿನ್. ಆರೇಳು ಜನ ದಾಟಿದರೆ ಇದೇ ಸರಿ. ಇಂಥವರಿಗೆ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಸೇವೆಗಳ ಆಯೋಗದ ಪರವಾನಗಿ ಇರಬೇಕು. ಅದನ್ನು ಟಿಸಿಪಿ ಎನ್ನುತ್ತಾರೆ, ಬಾಡಿಗೆಗೆ ಜನರನ್ನು ಸಾಗಿಸಲು ಕೊಡುವ ಅನುಮತಿ ಅದು. ಗಾಡಿಯ ಬಂಪರ್ ಮೇಲೆ 'ಟಿಸಿಪಿ' ಎಂಬ ಅಕ್ಷರಗಳೂ ಪಕ್ಕದಲ್ಲೊಂದು ಸಂಖ್ಯೆಯೂ ಕಾಣಬೇಕು. ಬುಕ್ ಮಾಡುವಾಗಲೇ ಆ ಸಂಖ್ಯೆ ಕೇಳಿ ಪಡೆದು, ಆಯೋಗದ ಜಾಲತಾಣದಲ್ಲಿ ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ನೋಡಿ. ಸಂಖ್ಯೆ ಹೇಳಲು ತಡವರಿಸಿದರೆ ಅಲ್ಲಿಗೆ ಬಿಡಿ.

ಇನ್ನು ಊಬರ್, ಲಿಫ್ಟ್. ನಾಪಾ, ಸೊನೋಮಾ, ಹೀಲ್ಡ್ಸ್‌ಬರ್ಗ್ ಊರುಗಳ ಒಳಗೆ ಪರವಾಗಿಲ್ಲ. ಆದರೆ ಸ್ಪ್ರಿಂಗ್ ಮೌಂಟನ್, ಹೋವೆಲ್ ಮೌಂಟನ್ ಕಡೆಯ ಬೆಟ್ಟದ ವೈನರಿಗಳಿಗೆ ಹೋಗಲು ಗಾಡಿ ಸಿಕ್ಕರೂ ವಾಪಸು ಬರಲು ಸಿಗುತ್ತದೆಂಬ ಖಾತರಿಯಿಲ್ಲ. ಕೆಲವು ತಿರುವುಗಳಲ್ಲಿ ಫೋನ್ ಸಿಗ್ನಲ್ಲೇ ಇರುವುದಿಲ್ಲ. ಇಬ್ಬರೇ ಹೋಗಿ, ಊರಿನೊಳಗಿನ ಟೇಸ್ಟಿಂಗ್ ರೂಮುಗಳಿಗೆ ತೃಪ್ತಿಪಡುವವರಿಗೆ ಮಾತ್ರ ನಾನು ಇದನ್ನು ಹೇಳುತ್ತೇನೆ.

ಮನೆಯಲ್ಲೇ ಕುಡಿಯದವರೊಬ್ಬರಿದ್ದರೆ? ಅವರು ಖುಷಿಯಿಂದ ಒಪ್ಪಿದರೆ ಒಳ್ಳೆಯದೇ. ಆದರೆ "ನೀನು ಹೇಗೂ ಕುಡಿಯಲ್ಲವಲ್ಲ" ಎಂದು ಪ್ರತಿ ಸಲ ಅದೇ ತಂಗಿಯ ಕೈಗೆ, ಅದೇ ಹೆಂಡತಿಯ ಕೈಗೆ ಕೀ ಕೊಡುವುದು ಸರಿಯಲ್ಲ. ಅವರಿಗೂ ಅದು ರಜಾದಿನ.

2. ಮನೆಗೆ ವಾಪಸು ಬರುವ ದಾರಿ

ಸ್ಯಾನ್ ಹೋಸೆಯಿಂದ ನಾಪಾ ಸುಮಾರು 80 ಮೈಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ 50. ಸ್ಥಳೀಯ ಡ್ರೈವರ್ ಸೇವೆಗಳು ಸಾಮಾನ್ಯವಾಗಿ ಕಣಿವೆಯೊಳಗಿನ ಸುತ್ತಾಟಕ್ಕೆ. ಸಂಜೆ ಐದಕ್ಕೆ ವೈನರಿಗಳು ಬಾಗಿಲು ಹಾಕುತ್ತವೆ, ಡ್ರೈವರ್ ಕೀ ಕೊಟ್ಟು ಹೊರಡುತ್ತಾರೆ, ನಿಮ್ಮ ಮುಂದೆ ಇನ್ನೂ ಎರಡು ಗಂಟೆಯ ಫ್ರೀವೇ ಇರುತ್ತದೆ. "ಊಟ ಮಾಡಿ ಒಂದು ಕಾಫಿ ಕುಡಿದರೆ ಸರಿಹೋಗುತ್ತೆ" ಎನ್ನುವವರಿಗೆ: ರಕ್ತದಲ್ಲಿನ ಆಲ್ಕೋಹಾಲ್ ಮಟ್ಟ ಇಳಿಯುವುದು ಗಂಟೆಗೆ ಹೆಚ್ಚುಕಡಿಮೆ ಶೇ. 0.015ರಷ್ಟು. ಕಾಫಿ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಅದನ್ನು ಬೇಗ ಮಾಡಿಸುವುದಿಲ್ಲ.

ಇದಕ್ಕೆ ಮೂರು ದಾರಿ. ನಾಪಾದಲ್ಲೋ ಸಾಂಟಾ ರೋಸಾದಲ್ಲೋ ಒಂದು ರಾತ್ರಿ ಉಳಿಯುವುದು ಮೊದಲನೆಯದು, ಇದೇ ಉತ್ತಮ. ಎರಡನೆಯದು, ಬೇ ಏರಿಯಾದಲ್ಲೇ ಇರುವ ಸೇವೆಯಿಂದ ಮನೆಯಿಂದ ಮನೆಗೆ ಡ್ರೈವರ್ ಗೊತ್ತುಮಾಡುವುದು. ಗಂಟೆಗಳು ಹೆಚ್ಚುತ್ತವೆ, ಆದರೆ ಹೋಟೆಲ್ ಖರ್ಚಿಲ್ಲ. ಮೂರನೆಯದು, ಗುಂಪಿನಲ್ಲಿ ಒಬ್ಬರು ಇಡೀ ದಿನ ಕುಡಿಯದೆ ಇದ್ದು ವಾಪಸು ಓಡಿಸುವುದು. ಹಾಗಿದ್ದರೆ ಕಣಿವೆಯೊಳಗೂ ಅವರೇ ಓಡಿಸಬಹುದಲ್ಲ, ಡ್ರೈವರ್ ಬೇಕಿಲ್ಲ. ಮಧ್ಯಾಹ್ನದವರೆಗೆ ಕುಡಿದು ಆಮೇಲೆ ನಿಲ್ಲಿಸುತ್ತೇನೆ ಎನ್ನುವವರ ಮೇಲೆ ಯೋಜನೆ ಕಟ್ಟಬೇಡಿ.

3. ಇನ್ಶೂರೆನ್ಸ್ ಕಾಗದ ತೆಗೆದು ನೋಡಿ

ನಿಮ್ಮ ಕಾರನ್ನು ಬೇರೆಯವರು ಓಡಿಸುವಾಗ ಅಪಘಾತವಾದರೆ ಮೊದಲು ಮೈಮೇಲೆ ಬರುವುದು ಸಾಮಾನ್ಯವಾಗಿ ನಿಮ್ಮದೇ ಪಾಲಿಸಿ. ಬಹಳಷ್ಟು ಪಾಲಿಸಿಗಳು ಮಾಲೀಕರ ಅನುಮತಿ ಪಡೆದು ಓಡಿಸುವವರಿಗೂ ರಕ್ಷಣೆ ಕೊಡುತ್ತವೆ. ಅಂಥವರನ್ನು ಪಾಲಿಸಿಯಲ್ಲಿ 'ಪರ್ಮಿಸಿವ್ ಯೂಸರ್' ಎಂದು ಬರೆದಿರುತ್ತದೆ. ಆದರೆ ಕೆಲವು ಪಾಲಿಸಿಗಳಲ್ಲಿ ಒಂದು ಸಾಲು ಅಡಗಿರುತ್ತದೆ: ಹೊರಗಿನವರು ಓಡಿಸಿದಾಗ ರಕ್ಷಣೆ ರಾಜ್ಯದ ಕನಿಷ್ಠ ಮಿತಿಗೆ ಇಳಿಯುತ್ತದೆ. ಆ ಕನಿಷ್ಠ ಮಿತಿ 2025ರ ಜನವರಿ 1ರಿಂದ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತದ ಒಟ್ಟು ಗಾಯಗಳಿಗೆ 60,000, ಆಸ್ತಿ ನಷ್ಟಕ್ಕೆ 15,000. ಹೊಸ ಟೆಸ್ಲಾ ಒಂದಕ್ಕೆ ಗುದ್ದಿದರೆ ಆ 15,000 ಎಲ್ಲಿಗೂ ಸಾಲದು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ರಕ್ಷಣೆ ಎನ್ನುವ ಪಾಲಿಸಿಗಳೂ ಇವೆ.

ನಿಮ್ಮ ಏಜೆಂಟರಿಗೆ ಎರಡು ಸಾಲಿನ ಇಮೇಲ್ ಹಾಕಿ: "ದುಡ್ಡು ಕೊಟ್ಟು ಕರೆಸಿದ ಡ್ರೈವರ್ ನನ್ನ ಕಾರು ಓಡಿಸಿದರೆ ಪೂರ್ತಿ ಕವರೇಜ್ ಇದೆಯೇ?" 'ದುಡ್ಡು ಕೊಟ್ಟು' ಎಂಬುದನ್ನು ಬಿಡಬೇಡಿ, ಗೆಳೆಯರು ಓಡಿಸುವುದಕ್ಕೂ ಇದಕ್ಕೂ ಪಾಲಿಸಿಯಲ್ಲಿ ವ್ಯತ್ಯಾಸ ಇರಬಹುದು. ಉತ್ತರ ಬರಹದಲ್ಲಿರಲಿ. ಜೊತೆಗೆ ಡ್ರೈವರ್ ಸೇವೆಯವರಿಗೂ ಅವರದೇ ಇನ್ಶೂರೆನ್ಸ್ ಇದೆಯೇ, ಅದು ನಿಮ್ಮ ಕಾರಿಗಾದ ಹಾನಿಯನ್ನು ತುಂಬುತ್ತದೆಯೇ ಎಂದು ಕೇಳಿ, ಪ್ರಮಾಣಪತ್ರ ತರಿಸಿಕೊಳ್ಳಿ.

ರೆಂಟಲ್ ಕಾರಿನವರು ಇಲ್ಲಿ ನಿಂತು ಓದಿ. ಬಾಡಿಗೆ ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸಿದರೆ, ನೀವು ದಿನಕ್ಕಿಷ್ಟು ಎಂದು ಕಟ್ಟಿದ, ಕಾರಿಗಾದ ಹಾನಿಯ ಹೊಣೆ ತಪ್ಪಿಸುವ ಡ್ಯಾಮೇಜ್ ವೇವರ್ ಕೈಕೊಡಬಹುದು, ಕ್ರೆಡಿಟ್ ಕಾರ್ಡಿನ ರಕ್ಷಣೆಯೂ ಅದರ ಹಿಂದೆಯೇ ಹೋಗಬಹುದು. ಡ್ರೈವರ್ ಹೆಸರನ್ನು ಸೇರಿಸಲು ರೆಂಟಲ್ ಕಂಪನಿ ಒಪ್ಪದಿದ್ದರೆ, ಆ ಕಾರನ್ನು ಹೋಟೆಲಿನಲ್ಲೇ ಬಿಟ್ಟು ಡ್ರೈವರ್ ಸಮೇತ ವಾಹನ ತೆಗೆದುಕೊಳ್ಳಿ. ಭಾರತದಿಂದ ಬಂದು ಸುತ್ತುವವರಿಗೆ ನನ್ನ ಸಲಹೆ ಯಾವತ್ತೂ ಇದೇ.

4. ಬುಕ್ ಮಾಡುವ ಮುನ್ನ ಕೇಳುವ ಮಾತು

ದ್ರಾಕ್ಷಿ ಸುಗ್ಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆಗಿನ ಶನಿವಾರಗಳಿಗೆ, ಹಾಗೆಯೇ ಮೇ ಕೊನೆಯಲ್ಲಿ ನಾಪಾ ಊರಿನಲ್ಲಿ ನಡೆಯುವ ಬಾಟಲ್‌ರಾಕ್ ಸಂಗೀತೋತ್ಸವದ ವಾರಾಂತ್ಯಕ್ಕೆ, ಒಂದು ತಿಂಗಳು ಮೊದಲೇ ಫೋನ್ ಮಾಡಿ. ವಾರದ ದಿನ ಹೋಗಲು ರಜೆ ಸಿಕ್ಕರೆ ದರವೂ ಇಳಿಯಬಹುದು, ರಸ್ತೆಯೂ ಖಾಲಿ.

ಎರಡು ಮೂರು ಕಡೆಯಿಂದ ದರ ತರಿಸಿಕೊಳ್ಳಿ. ಹೋಲಿಸುವಾಗ ಗಂಟೆಯ ದರವೊಂದನ್ನೇ ನೋಡಬೇಡಿ. ಕನಿಷ್ಠ ಎಷ್ಟು ಗಂಟೆ, ಗಂಟೆ ಎಲ್ಲಿಂದ ಶುರು ಎಂಬುದೇ ಬಿಲ್ಲನ್ನು ತೀರ್ಮಾನಿಸುವುದು. ಕೆಲವರು ನಿಮ್ಮ ಬಾಗಿಲಿಗೆ ಬಂದಾಗಿನಿಂದ ಎಣಿಸುತ್ತಾರೆ. ಇನ್ನು ಕೆಲವರು ತಮ್ಮ ಜಾಗದಿಂದ ಹೊರಟು ಮತ್ತೆ ಅಲ್ಲಿಗೇ ಮುಟ್ಟುವವರೆಗೆ ಎಣಿಸುತ್ತಾರೆ, ಇದಕ್ಕೆ 'ಗ್ಯಾರೇಜ್ ಟು ಗ್ಯಾರೇಜ್' ಎನ್ನುತ್ತಾರೆ. ಐದು ಗಂಟೆ ಎಂದುಕೊಂಡದ್ದು ಆರೂವರೆ ಆಗುವುದು ಹೀಗೆ. ಹೊತ್ತು ಮೀರಿದರೆ ಅರ್ಧ ಗಂಟೆಗೆ ಎಣಿಸುತ್ತಾರೋ ಇಡೀ ಗಂಟೆಗೋ ಎಂದೂ ಕೇಳಿ. ಟಿಪ್ ಬಿಲ್ಲಿನಲ್ಲೇ ಸೇರಿದೆಯೇ? ಸೇರಿದ್ದರೂ ಗೊತ್ತಾಗದೆ ಮತ್ತೆ ನಗದು ಕೊಡುವವರು ಬಹಳ.

ಡ್ರೈವರ್‌ಗಳ ಹಿನ್ನೆಲೆ ಪರಿಶೀಲನೆ, ಡಿಎಂವಿ ದಾಖಲೆ ನೋಡುತ್ತಾರೆಯೇ ಎಂದು ವಿಚಾರಿಸಿ. ನಿಮ್ಮ ಕಾರಿನ ಮಾದರಿ ಹೇಳಿ, ಎಲೆಕ್ಟ್ರಿಕ್ ಆದರೆ ಅದನ್ನು ಓಡಿಸಿ ರೂಢಿ ಇದ್ದವರೇ ಬರಲಿ ಎಂದು ಕೇಳಿ. ರದ್ದು ಮಾಡಿದರೆ ಹಣ ಎಷ್ಟು ವಾಪಸು ಎಂಬುದಂತೂ ಬರಹದಲ್ಲೇ ಬೇಕು, ಏಕೆಂದರೆ ಬೇಸಿಗೆಯ ಕೊನೆಯಲ್ಲಿ ಕಾಡ್ಗಿಚ್ಚಿನ ಹೊಗೆ ಬಂದು ಇಡೀ ಯೋಜನೆ ನಿಲ್ಲುವ ದಿನಗಳೂ ಇಲ್ಲಿರುತ್ತವೆ.

5. ದಿನದ ನಕ್ಷೆ ಬರೆಯುವುದು

ಡ್ರೈವರ್ ಖಚಿತವಾದ ಮೇಲೆ ವೈನರಿ ಬುಕಿಂಗ್. ನಾಪಾದಲ್ಲಿ ಹೋದ ಕೂಡಲೇ ಒಳಗೆ ಬಿಡುತ್ತಾರೆ ಎಂದುಕೊಳ್ಳಬೇಡಿ. 1990ರಲ್ಲಿ ಜಾರಿಗೆ ಬಂದ ಕೌಂಟಿಯ ನಿಯಮದಂತೆ, ಆಮೇಲೆ ಅನುಮತಿ ಪಡೆದ ವೈನರಿಗಳಿಗೆ ಮೊದಲೇ ಸಮಯ ಗೊತ್ತುಮಾಡಿಕೊಂಡೇ ಹೋಗಬೇಕು. ಸೊನೋಮಾ ಕಡೆ ಇಷ್ಟು ಬಿಗಿ ಇಲ್ಲ, ಆದರೂ ವಾರಾಂತ್ಯಕ್ಕೆ ಬುಕ್ ಮಾಡುವುದೇ ಕ್ಷೇಮ.

ದಿನಕ್ಕೆ ಮೂರು ವೈನರಿ ಸಾಕು. ಒಂದೊಂದಕ್ಕೆ ಒಂದೂವರೆ ಗಂಟೆ, ನಡುವೆ ಊಟ. ನಾಲ್ಕನೆಯದರ ಹೊತ್ತಿಗೆ ನಾಲಿಗೆಗೆ ಯಾವ ವೈನ್ ಯಾವುದೆಂದೇ ತಿಳಿಯುವುದಿಲ್ಲ, ಟೇಸ್ಟಿಂಗ್ ಶುಲ್ಕ ಮಾತ್ರ ಪೂರ್ತಿ ಹೋಗುತ್ತದೆ.

ನಾಪಾ ಕಣಿವೆ ಉದ್ದಕ್ಕೆ ಸುಮಾರು 30 ಮೈಲಿ, ದಕ್ಷಿಣದ ನಾಪಾ ಊರಿನಿಂದ ಉತ್ತರದ ಕ್ಯಾಲಿಸ್ಟೋಗಾವರೆಗೆ. ಉದ್ದಕ್ಕೂ ಎರಡು ರಸ್ತೆ ಜೊತೆಜೊತೆಯಾಗಿ ಸಾಗುತ್ತವೆ: ಪಶ್ಚಿಮಕ್ಕೆ ಹೈವೇ 29, ಪೂರ್ವಕ್ಕೆ ಸಿಲ್ವರಾಡೋ ಟ್ರೇಲ್. ಶನಿವಾರ ಮಧ್ಯಾಹ್ನ ಸೇಂಟ್ ಹೆಲೆನಾ ಬಳಿ ಹೈವೇ 29 ಕಟ್ಟಿಕೊಂಡಾಗ ಸ್ಥಳೀಯ ಡ್ರೈವರ್ ಕೇಳದೆಯೇ ಸಿಲ್ವರಾಡೋಗೆ ಹೊರಳುತ್ತಾರೆ, ಅಂಥ ಹೊತ್ತಿನಲ್ಲಿ ಕೊಟ್ಟ ಹಣ ಸಾರ್ಥಕ ಅನಿಸುತ್ತದೆ. ದೂರದ ಉತ್ತರದಿಂದ ಶುರುಮಾಡಿ ಹೋಟೆಲ್ ಕಡೆಗೆ ಇಳಿಯುತ್ತ ಬನ್ನಿ. ಒಂದೇ ದಿನ ನಾಪಾ, ಸೊನೋಮಾ ಎರಡೂ ಬೇಡ. ನಡುವಿನ ಓಕ್‌ವಿಲ್ ಗ್ರೇಡ್, ಟ್ರಿನಿಟಿ ರಸ್ತೆಗಳು ಘಾಟಿಯ ಹಾಗೆ ಸುತ್ತಿ ಸುತ್ತಿ ಹೋಗುತ್ತವೆ, ವೈನ್ ಕುಡಿದ ಹೊಟ್ಟೆಗೆ ತಡೆಯುವುದಿಲ್ಲ. ದಾಟಲೇಬೇಕೆಂದರೆ ದಕ್ಷಿಣದ ಕಾರ್ನೆರೋಸ್ ಮೂಲಕ ಹೋಗಿ.

ಊಟದ ಜಾಗ ಮೊದಲೇ ಗೊತ್ತುಮಾಡಿ, ಸಸ್ಯಾಹಾರಿಗಳಿದ್ದರೆ ಇನ್ನೂ ಮುಖ್ಯ. ಸೇಂಟ್ ಹೆಲೆನಾದ ವಿ. ಸಟೂಯಿ ವೈನರಿಯಲ್ಲಿ ಡೆಲಿಯೂ (ಸಿದ್ಧ ತಿನಿಸಿನ ಅಂಗಡಿ) ಇದೆ, ಮರದ ನೆರಳಲ್ಲಿ ಕೂತು ತಿನ್ನಲು ಜಾಗವೂ ಇದೆ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವವರು ಆಯಾ ವೈನರಿಯನ್ನು ಕೇಳಿಕೊಳ್ಳಿ, ಹೊರಗಿನ ತಿಂಡಿಗೆ ಹಲವೆಡೆ ಅವಕಾಶವಿಲ್ಲ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ಮಾತು: ವೈನನ್ನು ತಿಳಿಗೊಳಿಸಲು ಕೆಲವೆಡೆ ಮೊಟ್ಟೆಯ ಬಿಳಿ ಅಥವಾ ಮೀನಿನಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಾರೆ. ವೀಗನ್ ವೈನ್ ಯಾವುದು ಎಂದು ಕೇಳಿದರೆ ತೋರಿಸುತ್ತಾರೆ.

ಈ ನಕ್ಷೆಯನ್ನು ವಿಳಾಸ, ಸಮಯ, ಬುಕಿಂಗ್ ಹೆಸರಿನ ಸಮೇತ ಹಿಂದಿನ ದಿನವೇ ಡ್ರೈವರ್ ಸೇವೆಗೆ ಕಳುಹಿಸಿ. ಎಂಟು ಜನ ದಾಟಿದ ಗುಂಪು ಅಥವಾ ದೊಡ್ಡ ವಾಹನ ಇದ್ದರೆ ವೈನರಿಗೂ ತಿಳಿಸಿ, ಒಪ್ಪದ ಕಡೆಗಳಿವೆ.

6. ಬೆಳಿಗ್ಗೆ ಕೀ ಕೊಡುವ ಮುನ್ನ

ಡ್ರೈವರ್ ಬಂದ ಮೇಲೆ ಐದು ನಿಮಿಷ ತೆಗೆದಿಡಿ. ಅವರ ಲೈಸೆನ್ಸ್ ನೋಡಿ, ಹೆಸರು ಬುಕಿಂಗ್ ಜೊತೆ ತಾಳೆಯಾಗಲಿ. ಕಾರಿನ ನಾಲ್ಕೂ ಬದಿ, ಚಕ್ರದ ರಿಮ್, ಮೈಲಿ ಅಂಕಿ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಇದನ್ನು ಅವರ ಎದುರಿಗೇ ಮಾಡಿ, ಒಳ್ಳೆಯ ಡ್ರೈವರ್‌ಗಳು ತಾವೂ ತೆಗೆದುಕೊಳ್ಳುತ್ತಾರೆ. ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕಾರ್ಡು ಎಲ್ಲಿದೆ ಎಂದು ತೋರಿಸಿ. ಟ್ಯಾಂಕ್ ತುಂಬಿರಲಿ.

ಟೆಸ್ಲಾ ಇದ್ದವರು ಕೀ ಕಾರ್ಡ್ ಮರೆಯದೆ ತನ್ನಿ. ಫೋನೇ ಕೀ ಆಗಿದ್ದರೆ, ನೀವು ಒಳಗೆ ವೈನ್ ಕುಡಿಯುತ್ತಿರುವಾಗ ಹೊರಗಿರುವ ಡ್ರೈವರ್ ಗಾಡಿಯನ್ನು ನೆರಳಿಗೂ ಸರಿಸಲಾರರು. ಕಾರನ್ನು ಬೇರೆಯವರ ಕೈಗೆ ಕೊಡುವಾಗಿನ ವ್ಯಾಲೆ ಮೋಡ್ ಹಾಕಿದರೆ ವೇಗಕ್ಕೆ ಮಿತಿ ಬೀಳುತ್ತದೆ, ಗ್ಲೋವ್ ಬಾಕ್ಸ್ ಲಾಕ್ ಆಗುತ್ತದೆ. ಹಿಂದಿನ ರಾತ್ರಿಯೇ ಚಾರ್ಜ್ ಮಾಡಿಡಿ. ಡ್ರೈವರ್ ಬಂದ ಗಾಡಿಯನ್ನು ನಿಮ್ಮ ಹೋಟೆಲಿನಲ್ಲಿ ನಿಲ್ಲಿಸಬೇಕಾಗಬಹುದು, ರಿಸೆಪ್ಷನ್‌ನಲ್ಲಿ ಒಂದು ಮಾತು ಹೇಳಿಡಿ.

ಮಕ್ಕಳಿದ್ದರೆ: ಎರಡು ವರ್ಷದೊಳಗಿನವರು ಹಿಮ್ಮುಖ ಸೀಟಿನಲ್ಲಿ, ಎಂಟು ವರ್ಷದೊಳಗಿನವರು ಕಾರ್ ಸೀಟ್ ಅಥವಾ ಬೂಸ್ಟರ್‌ನಲ್ಲಿ ಕೂರುವುದು ಕ್ಯಾಲಿಫೋರ್ನಿಯಾದ ಸಾಮಾನ್ಯ ನಿಯಮ. ಬಾಡಿಗೆ ವಾಹನದವರು ಸೀಟು ತರುತ್ತಾರೆ ಎಂದು ನಂಬಿ ಕೂರಬೇಡಿ. 21 ತುಂಬದವರನ್ನು ಒಳಗೇ ಬಿಡದ ವೈನರಿಗಳೂ ಇವೆ.

7. ದಾರಿಯಲ್ಲಿ: ತೆರೆದ ಬಾಟಲಿಯ ನಿಯಮ

ಡ್ರೈವರ್ ಇದ್ದಾರಲ್ಲ ಎಂದು ಹಿಂದಿನ ಸೀಟಿನಲ್ಲಿ ಬಾಟಲಿ ಬಿಚ್ಚಿದರೆ ಅದು ಅಪರಾಧ. ನಿಮ್ಮ ಸ್ವಂತ ಕಾರಿನಲ್ಲಿ, ಓಡಿಸುವವರು ಯಾರೇ ಇರಲಿ, ಪ್ರಯಾಣಿಕರು ಕುಡಿಯುವಂತಿಲ್ಲ, ತೆರೆದ ಬಾಟಲಿ ಹಿಡಿದುಕೊಳ್ಳುವಂತೆಯೂ ಇಲ್ಲ. ಊಟದಲ್ಲಿ ಉಳಿದ ಅರ್ಧ ಬಾಟಲಿಗೆ ಹೋಟೆಲಿನವರು ಮತ್ತೆ ಬಿರಡೆ ಹಾಕಿ ಕೊಟ್ಟರೂ ಸೀಲ್ ಒಡೆದದ್ದು ಒಡೆದದ್ದೇ, ಅದು ಡಿಕ್ಕಿಗೆ ಹೋಗಬೇಕು. ಡಿಕ್ಕಿ ಇಲ್ಲದ ಎಸ್‌ಯುವಿಯಲ್ಲಿ ಕೊನೆಯ ಸೀಟಿನ ಹಿಂದೆ, ಯಾರೂ ಕೂರದ ಜಾಗದಲ್ಲಿಡಿ. ಗ್ಲೋವ್ ಬಾಕ್ಸ್ ಲೆಕ್ಕಕ್ಕಿಲ್ಲ, ಕಾನೂನು ಅದನ್ನು ಪ್ರಯಾಣಿಕರ ಜಾಗ ಎಂದೇ ನೋಡುತ್ತದೆ. ಪರವಾನಗಿ ಪಡೆದ ಬಾಡಿಗೆ ಲಿಮೋಸಿನ್, ಬಸ್ಸುಗಳ ಪ್ರಯಾಣಿಕರಿಗೆ ಮಾತ್ರ ವಿನಾಯಿತಿ ಇದೆ. 21 ತುಂಬದವರು ಜೊತೆಗಿದ್ದರೆ ಅಲ್ಲೂ ನಿಯಮ ಬಿಗಿ, ಬುಕ್ ಮಾಡುವಾಗಲೇ ಹೇಳಿ.

ಕೊಂಡ ವೈನಿಗೆ ಬಿಸಿಲೇ ಶತ್ರು. ಜುಲೈ ಮಧ್ಯಾಹ್ನ ನಿಲ್ಲಿಸಿದ ಕಾರಿನ ಒಳಗೆ ಬಿರಡೆ ಉಬ್ಬಿ ಮೇಲೆ ಬರುವಷ್ಟು ಕಾವೇರುತ್ತದೆ. ಒಂದು ಕೂಲರ್, ಎರಡು ಐಸ್ ಪ್ಯಾಕ್ ತೆಗೆದುಕೊಂಡು ಹೋಗಿ, ನೆರಳಲ್ಲಿ ನಿಲ್ಲಿಸಲು ಡ್ರೈವರ್‌ಗೆ ಹೇಳಿ. ಕುಡಿಯುವ ನೀರು ಧಾರಾಳವಾಗಿರಲಿ, ಡ್ರೈವರ್‌ಗೂ ಸೇರಿಸಿ.

ಟೇಸ್ಟಿಂಗ್ ಮೇಜಿನ ಮೇಲೆ ಒಂದು ಪಾತ್ರೆ ಇಟ್ಟಿರುತ್ತಾರೆ. ಬೇಡವಾದ ವೈನನ್ನು ಅದಕ್ಕೆ ಸುರಿಯಬಹುದು, ಬಾಯಲ್ಲಿ ರುಚಿ ನೋಡಿ ಉಗುಳಲೂಬಹುದು. ನಮ್ಮವರಿಗೆ ಇದು ಮುಜುಗರ, ಅಲ್ಲಿನವರಿಗೆ ದಿನದ ಕೆಲಸ. ಸಂಕೋಚಪಡಬೇಡಿ. ತೀರ ಅಮಲೇರಿದವರಿಗೆ ವೈನ್ ಕೊಡುವುದು ವೈನರಿಯವರಿಗೆ ಕಾನೂನುಬಾಹಿರ. "ಇನ್ನು ಸಾಕು" ಎಂದು ಅವರು ಹೇಳಿದರೆ ವಾದಕ್ಕಿಳಿಯದೆ ಎದ್ದುಬಿಡಿ.

8. ಲೆಕ್ಕ ಚುಕ್ತಾ, ಮತ್ತು ಡ್ರೈವರ್ ಬಾರದಿದ್ದರೆ

ಟಿಪ್ ಬಿಲ್ಲಿನಲ್ಲಿ ಸೇರಿಲ್ಲದಿದ್ದರೆ ಶೇ. 15ರಿಂದ 20 ಕೊಡುವುದು ವಾಡಿಕೆ. ದಿನವಿಡೀ ಬಿಸಿಲಲ್ಲಿ ಕಾದವರಿಗೆ ಮಧ್ಯಾಹ್ನದ ಊಟ ವಿಚಾರಿಸುವುದು ನಮ್ಮ ಕಡೆಯ ರೂಢಿ, ಅದನ್ನು ಇಲ್ಲಿ ಬಿಡಬೇಕಾಗಿಲ್ಲ. ಕೀ ವಾಪಸು ಪಡೆದಾಗ ಕಾರನ್ನು ಮತ್ತೊಮ್ಮೆ ಸುತ್ತಿ ನೋಡಿ. ಗೀರು ಕಂಡರೆ ಅಲ್ಲೇ ಫೋಟೋ ತೆಗೆದು, ಅವತ್ತೇ ಸಂಸ್ಥೆಗೆ ಬರೆಯಿರಿ. ಆ ಹೊತ್ತಿಗೆ ನೀವು ಎರಡು ಗ್ಲಾಸ್ ಮೇಲಿರುತ್ತೀರಿ, ಆದ್ದರಿಂದ ಈ ಕೆಲಸವನ್ನು ಗುಂಪಿನಲ್ಲಿ ಕಡಿಮೆ ಕುಡಿದವರಿಗೆ ಮೊದಲೇ ಒಪ್ಪಿಸಿಡಿ.

ಹೇಳಿದ ಸಮಯಕ್ಕೆ 15 ನಿಮಿಷ ಕಳೆದರೂ ಡ್ರೈವರ್ ಬಾರದಿದ್ದರೆ ಸಂಸ್ಥೆಗೂ ಮೊದಲ ವೈನರಿಗೂ ಫೋನ್ ಮಾಡಿ. ವೈನರಿಯವರು ಸಾಮಾನ್ಯವಾಗಿ ಅರ್ಧ ಗಂಟೆ ಹೊಂದಿಸಿಕೊಡುತ್ತಾರೆ. ಬದಲಿ ಡ್ರೈವರ್ ಸಿಗದಿದ್ದರೆ ಅವತ್ತಿನ ದೂರದ ಬುಕಿಂಗ್ ಬಿಟ್ಟು, ಹೋಟೆಲಿನಿಂದ ನಡೆದು ಹೋಗಬಹುದಾದ ಊರಿನ ಟೇಸ್ಟಿಂಗ್ ರೂಮುಗಳಿಗೆ ಹೋಗಿ. ನಾಪಾ ಪೇಟೆಯಲ್ಲೂ, ಸೊನೋಮಾ ಮತ್ತು ಹೀಲ್ಡ್ಸ್‌ಬರ್ಗ್‌ನ ಚೌಕದ ಸುತ್ತಲೂ ಅವು ಸಾಲಾಗಿ ಇವೆ. ಹೋಟೆಲ್ ಬುಕ್ ಮಾಡುವಾಗಲೇ ಇಂಥ ಜಾಗದ ಹತ್ತಿರ ನೋಡಿಕೊಂಡರೆ ಡ್ರೈವರ್ ಕೈಕೊಟ್ಟ ದಿನವೂ ಕಾರಿನ ಕೀ ಮುಟ್ಟುವ ಪ್ರಸಂಗ ಬರುವುದಿಲ್ಲ.